ಉಳಿದ ಛೆನ್ನದ ಸದ್ವಿನಿಯೋಗ

ಪೀಠಿಕೆ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ವಾಡಿಕೆಯಂತೆ ಈ ವರ್ಷವೂ ನನ್ನಿಂದ ಒಂದು ಸಾಹಿತ್ಯ ವಿಷಯಕ ಲೇಖನವನ್ನು ಅಪೇಕ್ಷಿಸಿದ್ದರು. ಷಟ್ಪದಿಯ ಲಕ್ಷಣವನ್ನೋ, ಹಳಗನ್ನಡದ ವಿಭಕ್ತಿ ವಿಚಾರವನ್ನೋ ಬರೆಯಬೇಕಾಗಿದ್ದ ಪಂಡಿತನ ಲೇಖನಿಯು ಅಡುಗೆಮನೆಯ ಕಡೆಗೆ ತಿರುಗಿದುದನ್ನು ಕಂಡು ವಾಚಕ ಮಹಾಶಯರು ಮುಗುಳ್ನಗಬಹುದು. ಆದರೆ ಪಾಕವಿದ್ಯೆಯು ಅರುವತ್ತನಾಲ್ಕು ಕಲೆಗಳಲ್ಲಿ ಒಂದೆಂದು ನಮ್ಮ ಹಿರಿಯರು ಪರಿಗಣಿಸಿದ್ದರು. ಅದಕ್ಕಿಂತ ಮಿಗಿಲಾಗಿ, ದಾಸೋಹವೇ ಉಸಿರಾಗಿರುವ ಒಂದು ಮಠದ ಆಶ್ರಯದಲ್ಲಿ ಬೆಳೆದ ಶಾಲೆಗೆ ಅಡುಗೆಮನೆಯು ತರಗತಿಯ ಕೋಣೆಯಷ್ಟೇ ಪವಿತ್ರವಾದುದು. ಆದುದರಿಂದ ಈ ವಿಷಯಾಂತರಕ್ಕೆ ಕ್ಷಮೆ ಬೇಡುವ ಅಗತ್ಯವಿಲ್ಲವೆಂದು ಭಾವಿಸಿದ್ದೇನೆ.

ಈ ಬರಹಕ್ಕೆ ಪ್ರೇರಣೆಯಾದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮಹಾಶಿವರಾತ್ರಿಯ ಮರುದಿನದ ಪ್ರಸಾದಕ್ಕೆಂದು ದಾನಿಗಳೊಬ್ಬರು ಮೂವತ್ತು ಲೀಟರು ಹಾಲನ್ನು ಕಳುಹಿಸಿಕೊಟ್ಟಿದ್ದರು. ಗೋಧಿಹುಗ್ಗಿಗೆ ಬೇಕಾದ ಇಪ್ಪತ್ತು ಲೀಟರನ್ನು ಸಂಜೆಯೇ ಕಾಯಿಸಿ ಇಟ್ಟಿದ್ದಾಯಿತು. ಉಳಿದ ಹತ್ತು ಲೀಟರಿನ ಪಾತ್ರೆಯನ್ನು ಕಾಯಿಸುವ ಹೊಣೆ ಆ ರಾತ್ರಿ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ನನ್ನದಾಗಿತ್ತು. ಜಾಗರಣೆಯ ಪುರಾಣ ಪ್ರವಚನದಲ್ಲಿ ಮೈಮರೆತ ನಾನು ಆ ಪಾತ್ರೆಯನ್ನು ಮರೆತೆ. ಮಾರ್ಚ್ ತಿಂಗಳ ಕುಮಟೆಯ ಸೆಕೆ ಎಂತಹುದೆಂಬುದು ಇಲ್ಲಿಯವರಿಗೆ ತಿಳಿದದ್ದೇ. ಬೆಳಗಿನ ಜಾವ ಪಾತ್ರೆಯನ್ನು ಒಲೆಗೇರಿಸಿದ ಕೂಡಲೆ ಹಾಲು ಒಡೆಯಿತು. ಘಟ್ಟದ ಮೇಲಿನಿಂದ ಬಂದು ನಮ್ಮ ಪ್ರಸಾದನಿಲಯದಲ್ಲಿ ಬಹುಕಾಲ ಅಡುಗೆ ಮಾಡಿದ ವೃದ್ಧ ತಾಯಿಯವರು ಬಾಗಿಲಲ್ಲಿ ನಿಂತು, "ಹಾಲು ಒಡದಾವ್ರಿ ಗುರುಗಳ" ಎಂದರು. ಆ ಧ್ವನಿಯಲ್ಲಿದ್ದ ಅಳುಕು ಇಂದಿಗೂ ನನ್ನ ಕಿವಿಯಲ್ಲಿದೆ. ತಪ್ಪು ನನ್ನದಾಗಿದ್ದರೂ ಅಂಜಿದವರು ಅವರು.

ಅಲ್ಲಿ ನೆರೆದವರಲ್ಲಿ ಎರಡು ಅಭಿಪ್ರಾಯಗಳಾದವು. ಯಾರಿಗೂ ತಿಳಿಯದಂತೆ ತೆಂಗಿನ ಬುಡಕ್ಕೆ ಸುರಿದುಬಿಡುವುದು ಲೇಸೆಂದು ಕೆಲವರು ಹೇಳಿದರು. ಭಕ್ತರು ಕೊಟ್ಟ ಪದಾರ್ಥವು ಪ್ರಸಾದವೇ, ಅದನ್ನು ಚೆಲ್ಲಿದರೆ ದೋಷ, ಸಕ್ಕರೆ ಹಾಕಿ ಕುದಿಸಿ ಮಕ್ಕಳಿಗೆ ಬಡಿಸೋಣವೆಂದು ಮತ್ತೆ ಕೆಲವರು ಹೇಳಿದರು. ನಾನು ಮೂಕನಾಗಿದ್ದೆ. ಆ ತಾಯಿಯವರು ಮಾತ್ರ ಪಾತ್ರೆಯ ಬಳಿ ಕುಳಿತು ಮೂಸಿ ನೋಡಿ, "ವಾಸನಿ ಬಂದೈತ್ರಿ, ಹುಡುಗರಿಗೆ ಹಾಕಬ್ಯಾಡ್ರಿ. ನಿನ್ನಿ ಸಂಜಿಮುಂದ ನಾವ ಒಡಸಿದ್ದರ ಇವತ್ತು ಚೆಲ್ಲೂದು ಇರ್ತಿದ್ದಿಲ್ಲ" ಎಂದರು. ಹತ್ತು ಲೀಟರು ಹಾಲು ಗೊಬ್ಬರದ ಗುಂಡಿಯನ್ನು ಸೇರಿತು. ದಾನಿಗಳಿಗೆ ನಾನೇ ಹೋಗಿ ನಿಜಸಂಗತಿಯನ್ನು ಅರಿಕೆ ಮಾಡಿಕೊಂಡೆ. ಆ ತಾಯಿಯವರ ಮಾತೇ ಈ ಲೇಖನದ ಸೂತ್ರ. ಮುಂದಿನದೆಲ್ಲ ಅದರ ವ್ಯಾಖ್ಯಾನ: ಹಾಲು ತಾನಾಗಿ ಒಡೆಯುವ ಮೊದಲು ನಾವು ಅದನ್ನು ಒಡೆಯಬೇಕು. ಒಡೆದು ಬಂದುದನ್ನು ಕೆಡುವ ಮೊದಲು ಉಣ್ಣಬೇಕು.

ಶಬ್ದವಿಚಾರ

ಮಾತಿನ ವ್ಯವಸಾಯದವನಾದ ನಾನು ಮೊದಲು ಶಬ್ದಗಳನ್ನು ಶೋಧಿಸುತ್ತೇನೆ. ಒಡೆದ ಹಾಲನ್ನು ಬಟ್ಟೆಯಲ್ಲಿ ಸೋಸಿದಾಗ ಮೇಲೆ ಉಳಿಯುವ ಮೃದುವಾದ ಗಟ್ಟಿಯನ್ನು ಉತ್ತರದವರು 'ಛೆನ್ನ' ಎನ್ನುತ್ತಾರೆ. ಅದನ್ನೇ ಭಾರವಿಟ್ಟು ಒತ್ತಿ, ಹೆಪ್ಪುಗಟ್ಟಿಸಿದಂತೆ ಬಿಗಿಗೊಳಿಸಿದರೆ 'ಪನೀರ್'. ಈ ಎರಡನೆಯ ಶಬ್ದವು ಪಾರಸಿ ಮೂಲದ್ದು. ನಮ್ಮ 'ಪನ್ನೀರು' ಎಂಬ ಶಬ್ದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಮದುವೆಯ ಚಪ್ಪರದಲ್ಲಿ ಅತಿಥಿಗಳ ಮೇಲೆ ಚಿಮುಕಿಸುವ ಸುಗಂಧಜಲ. ಒಮ್ಮೆ ತರಗತಿಯಲ್ಲಿ ಪನ್ನೀರಿನ ಅರ್ಥವನ್ನು ಕೇಳಿದಾಗ ಬಾಲಕನೊಬ್ಬನು "ಪಲ್ಯಕ್ಕೆ ಹಾಕುವುದು" ಎಂದು ಉತ್ತರಿಸಿದನು. ಕಾಲವು ಶಬ್ದಾರ್ಥಗಳನ್ನು ಹೇಗೆ ಸ್ಥಳಾಂತರಿಸುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಸಂಸ್ಕೃತದಲ್ಲಿ ಈ ಪದಾರ್ಥಕ್ಕೆ 'ಆಮಿಕ್ಷಾ' ಎಂಬ ಬಹು ಪ್ರಾಚೀನವಾದ ಹೆಸರಿದೆ. ಕಾಯಿಸಿದ ಬಿಸಿಹಾಲಿಗೆ ಮೊಸರನ್ನು ಬೆರೆಸಿದಾಗ ದೊರೆಯುವುದೇ ಆಮಿಕ್ಷೆಯೆಂದು ಅಮರಸಿಂಹನು ತನ್ನ ಕೋಶದಲ್ಲಿ ಹೇಳಿದ್ದಾನೆ. ಅದರಿಂದ ಬೇರ್ಪಟ್ಟ ನೀರಿಗೆ 'ವಾಜಿನ' ಎಂದು ಹೆಸರು. ಮೀಮಾಂಸಕರು ಇವೆರಡನ್ನು ಕುರಿತು ಒಂದು ಸ್ವಾರಸ್ಯವಾದ ವಾದವನ್ನೇ ನಡೆಸಿದ್ದಾರೆ. ಹಾಲಿಗೆ ಮೊಸರು ಬೆರೆಸುವ ಕ್ರಿಯೆಯು ಆಮಿಕ್ಷೆಗಾಗಿಯೋ, ವಾಜಿನಕ್ಕಾಗಿಯೋ, ಎರಡಕ್ಕಾಗಿಯೋ ಎಂಬುದು ಪ್ರಶ್ನೆ. ಕ್ರಿಯೆಯ ಪ್ರಯೋಜನವು ಆಮಿಕ್ಷೆಯೇ, ವಾಜಿನವು ಅದರೊಡನೆ ತಾನಾಗಿ ಒದಗುವ ಉಪವಸ್ತು ಎಂಬುದು ಸಿದ್ಧಾಂತ. ಆದರೂ ಆ ಉಪವಸ್ತುವನ್ನು ಚೆಲ್ಲದೆ, ಅದಕ್ಕೂ ಬೇರೆ ದೇವತೆಗಳನ್ನು ಗೊತ್ತುಮಾಡಿ ಅರ್ಪಿಸಬೇಕೆಂಬ ವಿಧಿಯಿದೆ. ಶಿವಶರಣರು ಯಜ್ಞಯಾಗಾದಿಗಳನ್ನು ಒಪ್ಪಲಿಲ್ಲವೆಂಬುದು ಸರ್ವವಿದಿತ. ಆದರೆ ಉಪವಸ್ತುವಿಗೂ ಒಂದು ಸ್ಥಾನವುಂಟೆಂಬ ವಿವೇಕವನ್ನು ಸ್ವೀಕರಿಸಲು ಯಾರಿಗೂ ಅಡ್ಡಿಯಿರಲಾರದು. ಈ ಲೇಖನದಲ್ಲಿ ಆ ನೀರನ್ನು 'ಹಾಲಿನ ತಿಳಿ' ಎಂದು ಕರೆಯುತ್ತೇನೆ.

ಆಯುರ್ವೇದ ಗ್ರಂಥಗಳು ಒಡೆದ ಹಾಲಿನ ಬೇರೆ ಬೇರೆ ಅವಸ್ಥೆಗಳಿಗೆ ಬೇರೆ ಬೇರೆ ಹೆಸರುಗಳನ್ನಿಟ್ಟಿವೆ. ಒಡೆದ ಹಾಲನ್ನು ಬೇಯಿಸಿ ಪಡೆದ ಪಿಂಡವು 'ಕಿಲಾಟ', ಮಜ್ಜಿಗೆಯಿಂದಲೋ ಮೊಸರಿನಿಂದಲೋ ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದುದು 'ತಕ್ರಪಿಂಡ', ತಿಳಿನೀರು 'ಮೋರಟ'. ಈ ಗಟ್ಟಿ ಪದಾರ್ಥಗಳು ಪುಷ್ಟಿಕರ, ಆದರೆ ಗುರು, ಜಠರಾಗ್ನಿ ಪ್ರಬಲವಾಗಿರುವವರಿಗೆ ಹಿತವೆಂದು ಭಾವಪ್ರಕಾಶವು ತಿಳಿಸುತ್ತದೆ.

ಕನ್ನಡಿಗರ ಪಾಕಜ್ಞಾನ

ಹಾಲನ್ನು ಒಡೆದು ಉಣ್ಣುವುದು ನಮ್ಮದಲ್ಲದ ಪದ್ಧತಿ, ಇತ್ತೀಚೆಗೆ ಉತ್ತರದಿಂದ ಬಂದುದು ಎಂಬ ಭಾವನೆ ಅನೇಕರಲ್ಲಿದೆ. ಇದು ಪೂರ್ಣಸತ್ಯವಲ್ಲ. ಸುಮಾರು ಕ್ರಿ.ಶ. 1025ರಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವೆಂಬ ಕನ್ನಡ ಗ್ರಂಥದಲ್ಲಿ ಎಮ್ಮೆಯ ಹಾಲನ್ನು ದಂಟಿನ ಬೇರು ಮೊದಲಾದ ಸಸ್ಯಗಳಿಂದ ಗಡ್ಡೆಗಟ್ಟಿಸಿ ಸಿಹಿಖಾದ್ಯಗಳನ್ನು ಮಾಡುವ ವಿಧಾನವಿದೆ. ಅದಾದ ಒಂದು ಶತಮಾನದ ತರುವಾಯ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ, ಹುಳಿ ಬೆರೆಸಿ ಒಡೆದ ಹಾಲನ್ನು ಶುಭ್ರವಾದ ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟಿನೊಡನೆ ನಾದಿ, ನಾನಾ ಆಕಾರಗಳಲ್ಲಿ ತುಪ್ಪದಲ್ಲಿ ಕರಿದು ಸಕ್ಕರೆಯೊಡನೆ ಸವಿಯುವ ಭಕ್ಷ್ಯವೊಂದು ವರ್ಣಿತವಾಗಿದೆ.

ಹಾಗಿದ್ದರೂ ನಮ್ಮ ಕರಾವಳಿಯ ಮನೆಗಳಲ್ಲಿ ಈ ಪಾಕವು ಏಕೆ ಬೇರೂರಲಿಲ್ಲ? ಕಾರಣ ಸರಳವಾದುದು. ಇಲ್ಲಿಯ ಕೊಟ್ಟಿಗೆಗಳಲ್ಲಿದ್ದದ್ದು ಮಲೆನಾಡು ಗಿಡ್ಡ ತಳಿಯ ಪುಟ್ಟ ಹಸುಗಳು. ದಿನಕ್ಕೆ ಒಂದೆರಡು ಲೀಟರು ಹಾಲನ್ನು ಕೊಟ್ಟರೆ ಹೆಚ್ಚು. ಅಷ್ಟು ಹಾಲು ಮಕ್ಕಳಿಗೂ ಹೆಪ್ಪಿಗೂ ಸರಿಹೋಗುತ್ತಿತ್ತು. ಹೆಪ್ಪು ಮೊಸರಾಗಿ, ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ತಂಬುಳಿಯಾಗಿ ಮುಗಿಯುತ್ತಿತ್ತು. ಉಳಿಯುವ ಮಾತೇ ಇರಲಿಲ್ಲ. ಅದರ ಜೊತೆಗೆ, ಹೊಸಮನೆಯಲ್ಲಿ ಹಾಲುಕ್ಕುವುದು ಶುಭ, ಹಾಲು ಒಡೆಯುವುದು ಅಶುಭ ಎಂಬ ನಂಬಿಕೆಯೂ ಇತ್ತು. ಇಂದು ಪೊಟ್ಟಣದ ಹಾಲು ಮನೆಬಾಗಿಲಿಗೆ ಬರುತ್ತದೆ. ಪನೀರಿನ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಬಳಸಿ ಅರ್ಧ ಉಳಿಯುತ್ತದೆ. ಉಳಿಕೆಯು ಹೊಸದಾಗಿ ಬಂದಿದೆ, ಅದನ್ನು ನಿರ್ವಹಿಸುವ ರೂಢಿಯು ಮನೆಗಳಲ್ಲಿ ಇನ್ನೂ ಬೆಳೆದಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಬೇಕಾಗಿದೆ.

ಉಳಿಕೆಯಿಂದಲೇ ಊರಿಗೆ ಹೆಸರು ಬಂದ ಉದಾಹರಣೆಯೂ ಉಂಟು. ಒಡಿಶಾದ ನಯಾಗಢ ಸೀಮೆಯಲ್ಲಿ ಮಿಠಾಯಿಗಾರರೊಬ್ಬರು ದಿನದ ಕೊನೆಗೆ ಉಳಿದ ಛೆನ್ನಕ್ಕೆ ಸಕ್ಕರೆ ಬೆರೆಸಿ ಇನ್ನೂ ಬಿಸಿಯಾರದ ಒಲೆಯಲ್ಲಿ ಇಟ್ಟುಹೋದರೆಂದೂ, ಬೆಳಗಾಗುವಷ್ಟರಲ್ಲಿ ಅದು ಕೆಂಪಗೆ ಬೆಂದು 'ಛೆನಾ ಪೋಡ'ವೆಂಬ ಭಕ್ಷ್ಯವಾಯಿತೆಂದೂ ಅಲ್ಲಿಯವರು ಹೇಳುತ್ತಾರೆ. ಇಟಲಿಯವರು ಉಳಿದ ತಿಳಿಯನ್ನೇ ಪುನಃ ಕಾಯಿಸಿ 'ರಿಕೊಟ್ಟಾ' ಎಂಬ ಗಿಣ್ಣನ್ನು ತೆಗೆಯುತ್ತಾರೆ. ಆ ಹೆಸರಿಗೆ 'ಮರಳಿ ಬೇಯಿಸಿದುದು' ಎಂದೇ ಅರ್ಥ.

ಹಾಲು ಒಡೆಯುವ ಬಗೆ

ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಉಳಿದ ಭಾಗದಲ್ಲಿ ಕೊಬ್ಬು, ಸಕ್ಕರೆ, ಸಸಾರಜನಕ, ಲವಣಗಳು. ಸಸಾರಜನಕದ ಸುಮಾರು ಐದರಲ್ಲಿ ನಾಲ್ಕು ಪಾಲು 'ಕೇಸೀನ್' ಎಂಬ ಅಂಶ. ಅದು ಸೂಕ್ಷ್ಮ ಕಣಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಹುಳಿ ಸೇರಿದಾಗ ಆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆಯಾಗುತ್ತವೆ. ಬಿಸಿಯಿದ್ದರೆ ಅಲ್ಪ ಹುಳಿಯೇ ಸಾಕು. ಆದುದರಿಂದಲೇ ತಣ್ಣಗಿದ್ದಾಗ ಚೆನ್ನಾಗಿಯೇ ಕಂಡ ಹಾಲು ಒಲೆಗೇರಿದ ಕೂಡಲೆ ಒಡೆಯುತ್ತದೆ. ಹುಳಿಯನ್ನು ನಾವು ಹಾಕಿದರೂ ಒಡೆಯುತ್ತದೆ. ಹಾಲಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳು ಹುಳಿಯನ್ನು ಹುಟ್ಟಿಸಿದರೂ ಒಡೆಯುತ್ತದೆ. ನೋಟಕ್ಕೆ ಎರಡೂ ಒಂದೇ, ಗುಣದಲ್ಲಿ ಎರಡೂ ಬೇರೆ.

ಗ್ರಾಹ್ಯಾಗ್ರಾಹ್ಯ ವಿವೇಕ

ಈ ಭೇದವನ್ನು ಮನಸ್ಸಿನಲ್ಲಿಟ್ಟು ಒಡೆದ ಹಾಲನ್ನು ಮೂರು ವಿಧವಾಗಿ ವಿಂಗಡಿಸಬಹುದು.

ಉತ್ತಮ: ಒಳ್ಳೆಯ ಹಾಲನ್ನು ನಾವೇ ಕುದಿಸಿ ನಿಂಬೆರಸದಿಂದಲೋ ಮೊಸರಿನಿಂದಲೋ ಒಡೆದದ್ದು. ಇದು ಎಲ್ಲರಿಗೂ ಯೋಗ್ಯ.

ಮಧ್ಯಮ: ಒಳ್ಳೆಯ ಹಾಲೇ ಆಗಿದ್ದು, ಹುಳಿಯ ಸೋಂಕಿನಿಂದಲೋ, ಪಾಯಸಕ್ಕೆ ಬಿಸಿಯಲ್ಲಿ ಬೆಲ್ಲ ಬೆರೆತದ್ದರಿಂದಲೋ ಕಣ್ಣೆದುರಿಗೇ ಒಡೆದದ್ದು. ಇದನ್ನು ಆಗಲೇ ಸೋಸಿ ಅಂದೇ ಬಳಸಿದರೆ ದೋಷವಿಲ್ಲ.

ಅಧಮ: ಹೊತ್ತು ಮೀರಿ ಹೊರಗೆ ಉಳಿದು ತಾನಾಗಿ ಕೆಟ್ಟು ಒಡೆದದ್ದು, ದುರ್ವಾಸನೆ, ಕಹಿ, ಎಳೆಯೆಳೆಯಾಗುವ ಲೋಳೆ ಇವು ಅದರ ಲಕ್ಷಣಗಳು. ಇದು ಸರ್ವಥಾ ತ್ಯಾಜ್ಯ. ಕುದಿಸಿದರೆ ಶುದ್ಧವಾಗುವುದೆಂಬ ನಂಬಿಕೆ ಸಲ್ಲದು. ಕೆಲವು ಸೂಕ್ಷ್ಮಜೀವಿಗಳು ಉಳಿಸಿಹೋಗುವ ವಿಷವು ಕುದಿತಕ್ಕೂ ಅಳಿಯದು. ಲಕ್ಷಣಗಳು ಸ್ಪಷ್ಟವಾಗಿ ತೋರದಿದ್ದರೂ ಸಂಶಯವಿದ್ದಲ್ಲಿ ತ್ಯಜಿಸುವುದೇ ನ್ಯಾಯ.

ಇಲ್ಲಿ ಪ್ರಸಾದ ತತ್ತ್ವವನ್ನು ಕುರಿತು ಎರಡು ಮಾತು ಅವಶ್ಯ. ಪ್ರಸಾದವನ್ನು ಚೆಲ್ಲಬಾರದೆಂಬುದು ನಮ್ಮ ಧರ್ಮದ ಮುಖ್ಯ ಆಚಾರ. ಆದರೆ ಪದಾರ್ಥವು ಪ್ರಸಾದವಾಗಬೇಕಾದರೆ ಅದು ಮೊದಲು ಅರ್ಪಣಕ್ಕೆ ಯೋಗ್ಯವಾಗಿರಬೇಕು. ಕೆಟ್ಟುದನ್ನು ಪ್ರಸಾದವೆಂಬ ಹೆಸರಿನಿಂದ ಮಕ್ಕಳ ತಟ್ಟೆಗೆ ಬಡಿಸುವುದು ಭಕ್ತಿಯಲ್ಲ. ನಮ್ಮ ಅಲಕ್ಷ್ಯವನ್ನು ಭಕ್ತಿಯ ಮರೆಯಲ್ಲಿ ಅಡಗಿಸುವ ಉಪಾಯ. ಅಂದು ಬಡಿಸೋಣವೆಂದವರ ಮಾತಿನಲ್ಲಿ ಭಕ್ತಿಯಿತ್ತು, ವಿವೇಕವಿರಲಿಲ್ಲ. ಸುರಿದುಬಿಡೋಣವೆಂದವರ ಮಾತಿನಲ್ಲಿ ವಿವೇಕವಿತ್ತು, ಸತ್ಯವಿರಲಿಲ್ಲ.

ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಮಾರಯ್ಯನವರ ಕಥೆ ನಮ್ಮ ಮಕ್ಕಳಿಗೆಲ್ಲ ಪರಿಚಿತ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಎಚ್ಚರಿಸಿದರು. ಬಿದ್ದುದನ್ನು ವ್ಯರ್ಥವಾಗಗೊಡದ ದಂಪತಿಗಳೇ ಹೆಚ್ಚಾದುದನ್ನು ಕೂಡಿಡಲೂ ಒಪ್ಪಲಿಲ್ಲ. ಛೆನ್ನದ ವಿಷಯದಲ್ಲಿಯೂ ಈ ಎರಡು ನೀತಿಗಳು ಒಟ್ಟಿಗೆ ಸಲ್ಲುತ್ತವೆ: ಚೆಲ್ಲಬಾರದು, ಕೂಡಿಡಲೂಬಾರದು.

ಸಿದ್ಧತೆ ಮತ್ತು ರಕ್ಷಣೆ

ಸಂಜೆಯ ಹೊತ್ತಿಗೆ ಹಾಲು ಮಿಗುವುದೆಂದು ತೋರಿದರೆ ಕೂಡಲೆ ಕುದಿಸಿ, ಒಲೆಯಿಂದಿಳಿಸಿ, ಎರಡು ನಿಮಿಷ ಬಿಟ್ಟು, ಒಂದು ಲೀಟರಿಗೆ ಎರಡು ದೊಡ್ಡ ಚಮಚದಷ್ಟು ನಿಂಬೆರಸವನ್ನು ಅಷ್ಟೇ ನೀರಿನಲ್ಲಿ ಬೆರೆಸಿ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ತಿಳಿಯು ಹಸುರು ಛಾಯೆಯಿಂದ ಸ್ವಚ್ಛವಾಗಿ ಬೇರೆಯಾದಾಗ ನಿಲ್ಲಿಸಬೇಕು. ತೆಳುಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಗಟ್ಟಿಯ ಮೇಲೆ ಕುಡಿಯುವ ತಣ್ಣೀರನ್ನು ಹೊಯ್ದರೆ ಹುಳಿ ಹೋಗುತ್ತದೆ. ಒಂದು ಲೀಟರು ಹಸುವಿನ ಹಾಲಿನಿಂದ ಸುಮಾರು 150 ಗ್ರಾಂ, ಎಮ್ಮೆಯ ಹಾಲಿನಿಂದ ಸುಮಾರು 200 ಗ್ರಾಂ ಛೆನ್ನ ದೊರೆಯುತ್ತದೆ.

ಕುಮಟೆಯ ಹವೆಯಲ್ಲಿ ಇದನ್ನು ಹೊರಗೆ ಹೆಚ್ಚು ಹೊತ್ತು ಇಡುವಂತಿಲ್ಲ. ಮಾಡಿದ ಎರಡು ಗಂಟೆಯೊಳಗೆ ಬಳಸಬೇಕು ಅಥವಾ ಶೀತಪೆಟ್ಟಿಗೆಗೆ ಸೇರಿಸಬೇಕು. ಅಲ್ಲಿ ಮುಚ್ಚಳದ ಪಾತ್ರೆಯಲ್ಲಿ, ಒತ್ತಿದ ಪನೀರಾದರೆ ಕುದಿಸಿ ಆರಿಸಿದ ನೀರಿನಲ್ಲಿ ಮುಳುಗಿಸಿ, ದಿನವೂ ನೀರನ್ನು ಬದಲಿಸುತ್ತ ಎರಡು ಮೂರು ದಿನ ಇಡಬಹುದು. ಮೈ ಲೋಳೆಯಾದರೆ, ಹಳದಿ ತಿರುಗಿದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ನಿತ್ಯಪಾಕದಲ್ಲಿ ವಿನಿಯೋಗ

ಹುಳಿಯಿಂದ ಒಡೆದ ಛೆನ್ನವು ಬಿಸಿಗೆ ಕರಗುವುದಿಲ್ಲ. ಪುಡಿ ಮಾಡಿದರೆ ಪುಡಿಯಾಗಿಯೇ, ತುಂಡು ಮಾಡಿದರೆ ತುಂಡಾಗಿಯೇ ಉಳಿಯುತ್ತದೆ. ಈ ಒಂದು ಗುಣವನ್ನು ಅರಿತರೆ ಅದನ್ನು ನಮ್ಮ ಯಾವ ಅಡುಗೆಗೂ ಹೊಂದಿಸಬಹುದು. ಮುಂದಿನ ಪ್ರಮಾಣಗಳು ಸುಮಾರು ಒಂದು ಬಟ್ಟಲು, ಎಂದರೆ ಒಂದು ಲೀಟರು ಹಾಲಿನ ಛೆನ್ನಕ್ಕೆ ಅನ್ವಯಿಸುತ್ತವೆ.

1. ಪಲ್ಯ: ಬೇಸಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಕುಮಟೆಯ ಸಿಹಿ ಈರುಳ್ಳಿಯನ್ನು ಎರಡು ಹೆಚ್ಚಿಕೊಂಡು, ಸಾಸಿವೆ, ಹಸಿಮೆಣಸು, ಕರಿಬೇವಿನ ಒಗ್ಗರಣೆಯಲ್ಲಿ ಬಾಡಿಸಿ, ಅರಿಸಿನ, ಉಪ್ಪು, ಪುಡಿಮಾಡಿದ ಛೆನ್ನ ಸೇರಿಸಿ ಐದು ನಿಮಿಷ ಮಗುಚಿದರೆ ಚಪಾತಿಗೂ ರೊಟ್ಟಿಗೂ ಹೊಂದುವ ಪಲ್ಯ. ಈರುಳ್ಳಿ ವರ್ಜ್ಯವಾದ ದಿನ ಎಲೆಕೋಸು ಸಾಕು.

2. ಅಕ್ಕಿರೊಟ್ಟಿ: ಎರಡು ಬಟ್ಟಲು ಅಕ್ಕಿಹಿಟ್ಟಿಗೆ ಒಂದು ಬಟ್ಟಲು ಛೆನ್ನ, ಜೀರಿಗೆ, ಸಬ್ಬಸಿಗೆ ಸೊಪ್ಪು, ಉಪ್ಪು ಬೆರೆಸಿ, ಬಿಸಿ ಮಾಡಿದ ತಿಳಿಯಿಂದಲೇ ಕಲಸಿ ತಟ್ಟಬೇಕು. ರೊಟ್ಟಿ ಮೆತ್ತಗೆ ಬರುತ್ತದೆ. ಸೋಮೇಶ್ವರನ ಭಕ್ಷ್ಯದಲ್ಲಿ ಕೂಡಿದ ಅಕ್ಕಿಹಿಟ್ಟು ಮತ್ತು ಛೆನ್ನಗಳೇ ಇಲ್ಲಿಯೂ ಕೂಡಿವೆಯೆಂಬುದನ್ನು ವಾಚಕರು ಗಮನಿಸಬಹುದು.

3. ಹುಳಿ: ಒತ್ತಿದ ಪನೀರು ಉಳಿದಿದ್ದರೆ ತುಂಡುಮಾಡಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಮೊಗೆಕಾಯಿಯ ಹುಳಿ ಕುದಿದ ಮೇಲೆ ಕೊನೆಯಲ್ಲಿ ಹಾಕಬೇಕು. ಮೊದಲೇ ಹಾಕಿದರೆ ಬಿರುಸಾಗುತ್ತದೆ.

4. ಕಡುಬಿನ ಹೂರಣ: ಅರ್ಧ ಬಟ್ಟಲು ಬೆಲ್ಲ, ಅರ್ಧ ಬಟ್ಟಲು ಕಾಯಿತುರಿ ಬಿಸಿಮಾಡಿ, ಪಾಕ ಗಟ್ಟಿಯಾದ ಮೇಲೆ ಛೆನ್ನ, ಏಲಕ್ಕಿ ಸೇರಿಸಿ ಇಳಿಸಬೇಕು. ಜೋನಿಬೆಲ್ಲವು ಹೂರಣವನ್ನು ಸಡಿಲಗೊಳಿಸುವುದರಿಂದ ಅಚ್ಚಿನ ಬೆಲ್ಲವೇ ಲೇಸು.

5. ಸಿಹಿ: ಹಾಲಿಗೆ ಮೊಸರು ಬೆರೆಸಿ ಒಡೆದು, ಸಕ್ಕರೆಯೊಡನೆ ಕೆಂಪಗಾಗುವವರೆಗೆ ಮಗುಚುವುದು ಬೆಳಗಾವಿಯ ಕುಂದಾದ ಕ್ರಮ. ಉಳಿದ ಛೆನ್ನಕ್ಕೆ ಎರಡು ಬಟ್ಟಲು ಹಾಲು, ಅರ್ಧ ಬಟ್ಟಲು ಸಕ್ಕರೆ ಸೇರಿಸಿ ಅದೇ ರೀತಿ ಮಗುಚಿದರೆ ಅದರ ಬಂಧುವೆನ್ನಬಹುದಾದ ಸಿಹಿ ಸಿದ್ಧವಾಗುತ್ತದೆ. ಒಡೆದ ಪಾಯಸಕ್ಕೂ ಇದೇ ಪರಿಹಾರ. ಸಕ್ಕರೆ ಮಾತ್ರ ಬೇಡ.

6. ತಿಳಿ: ಹತ್ತು ಲೀಟರು ಹಾಲು ಒಡೆದರೆ ಎಂಟು ಲೀಟರಿನಷ್ಟು ತಿಳಿ ಬರುತ್ತದೆ. ಹಾಲಿನ ಸಕ್ಕರೆಯ ಬಹುಭಾಗವೂ, ಲವಣಗಳೂ, ಸ್ವಲ್ಪ ಸಸಾರಜನಕವೂ ಅದರಲ್ಲಿಯೇ ಇರುತ್ತವೆ. ಚಪಾತಿಯ ಹಿಟ್ಟನ್ನು ಅದರಿಂದ ಕಲಸಬಹುದು. ತೊಗರಿಬೇಳೆ ಬೆಂದ ಮೇಲೆ ಸಾರಿಗೆ ನೀರಿನ ಬದಲು ಹೊಯ್ಯಬಹುದು, ಆಗ ಹುಣಿಸೆ ಕಡಿಮೆ ಸಾಕು. ಒಂದೆಲಗವನ್ನು ಕಾಯಿ, ಜೀರಿಗೆ, ಕಾಳುಮೆಣಸಿನೊಡನೆ ರುಬ್ಬಿ ತಿಳಿಯಲ್ಲಿ ಕದಡಿ ಒಗ್ಗರಣೆ ಕೊಟ್ಟರೆ ಮಜ್ಜಿಗೆಯಿಲ್ಲದ ದಿನದ ತಂಬುಳಿ. ಅಷ್ಟರ ಮೇಲೂ ಮಿಕ್ಕರೆ ಕೊಟ್ಟಿಗೆಯ ಅಕ್ಕಚ್ಚಿಗೆ ಸ್ವಲ್ಪ ಬೆರೆಸಬಹುದು. ಹಸುವಿನಿಂದ ಬಂದುದರಲ್ಲಿ ಒಂದು ಪಾಲು ಹಸುವಿಗೇ ಮರಳುತ್ತದೆ.

ಉಪ್ಪಿನ ವಿಷಯದಲ್ಲಿ ಒಂದು ಎಚ್ಚರಿಕೆ. ಛೆನ್ನವು ಸಪ್ಪೆಯೆಂದು ಮೊದಲೇ ಹೆಚ್ಚು ಉಪ್ಪನ್ನು ಹಾಕಬಾರದು. ನೀರು ಬಿಟ್ಟುಕೊಂಡು ಹದ ಕೆಡುತ್ತದೆ. ನಮ್ಮ ಸಾಣಿಕಟ್ಟಾದ ಉಪ್ಪನ್ನು ಪುಡಿಮಾಡಿ ಕೊನೆಯಲ್ಲಿ ಹಿತಮಿತವಾಗಿ ಸೇರಿಸುವುದು ಉತ್ತಮ.

ಉಪಸಂಹಾರ

ಆ ಶಿವರಾತ್ರಿಯ ಬಳಿಕ ನಮ್ಮ ಪ್ರಸಾದನಿಲಯದಲ್ಲಿ ಒಂದು ನಿಯಮ ನಡೆದುಬಂದಿದೆ. ಸಂಜೆಯ ಪ್ರಾರ್ಥನೆಗೆ ಮುನ್ನ ಉಗ್ರಾಣದವರು ಹಾಲನ್ನು ಅಳೆಯುತ್ತಾರೆ; ರಾತ್ರಿಗೂ ಬೆಳಗಿಗೂ ಬೇಕಾದುದನ್ನು ಕಾಯಿಸಿ, ಮಿಕ್ಕುದನ್ನು ಅಲ್ಲಿಯೇ ಒಡೆದು ಸೋಸಿ ತಣ್ಣಗಿಡುತ್ತಾರೆ. ಮರುದಿನ ಮಧ್ಯಾಹ್ನದೊಳಗೆ ಅದು ಪಲ್ಯವೋ ರೊಟ್ಟಿಯೋ ಆಗಿ ಮಕ್ಕಳ ತಟ್ಟೆಯನ್ನು ಸೇರುತ್ತದೆ. ತಾನಾಗಿ ಒಡೆದ ಹಾಲು ಎಷ್ಟೇ ಇರಲಿ, ಮಕ್ಕಳಿಗೆ ಬಡಿಸುವುದಿಲ್ಲ. ಅದನ್ನು ಗುಪ್ತವಾಗಿ ಚೆಲ್ಲುವುದೂ ಇಲ್ಲ. ಉಗ್ರಾಣದ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡುತ್ತಾರೆ. ಮೊದಲ ನಮೂದು ನನ್ನ ಕೈಬರಹದಲ್ಲಿಯೇ ಇದೆ: ಹತ್ತು ಲೀಟರು, ನನ್ನ ಮರೆವಿನಿಂದ.

ದಾನಿಗಳಾದ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟು. ತಾವು ಕಳುಹಿಸುವ ಹಾಲು ಯಾವ ರೂಪದಲ್ಲಿ ಯಾರ ತಟ್ಟೆಯನ್ನು ಸೇರಿತೆಂದು ಕೇಳಿ ತಿಳಿಯುವ ಅಧಿಕಾರ ತಮಗುಂಟು, ದಯಮಾಡಿ ಕೇಳಿರಿ. ಅಧ್ಯಾಪಕ ಬಂಧುಗಳು ಈ ಪಾಠವನ್ನು ವಿಜ್ಞಾನದ ತರಗತಿಯಲ್ಲಿ ಒಂದು ಲೋಟ ಹಾಲು, ಒಂದು ನಿಂಬೆಹಣ್ಣಿನಿಂದ ತೋರಿಸಬಹುದು. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಗಳಲ್ಲಿ ಇದನ್ನು ಆಚರಣೆಗೆ ತಂದರೆ, ಆ ವೃದ್ಧ ತಾಯಿಯವರು ಕೈಯಾರೆ ಬಡಿಸಿದ ಅನ್ನದ ಋಣವನ್ನು ಎಳ್ಳಷ್ಟಾದರೂ ತೀರಿಸಿದಂತಾದೀತು.